ನೊರೆಗೆ ಒಪ್ಪುವ ಆಕಾರ

ಶಿಷ್ಯನಿಗೆ ಒಂದು ಅಭ್ಯಾಸವಿತ್ತು. ಏನನ್ನಾದರೂ ಕೇಳುವ ಮುಂಚೆ ತನ್ನ ಎದುರಿನ ನೆಲವನ್ನು ಅಂಗೈಯಿಂದ ಒಮ್ಮೆ ಒರೆಸುತ್ತಿದ್ದ. ಆಗತಾನೇ ಗುಡಿಸಿ ಸಾರಿಸಿದ ನೆಲವಾದರೂ ಸರಿ, ಒರೆಸುತ್ತಿದ್ದ. ಗುರುಗಳು ಅದನ್ನು ಕಂಡೂ ಕಾಣದಂತೆ ಇರುತ್ತಿದ್ದರು. ಕೈ ನಿಂತ ಮೇಲೆ ಪ್ರಶ್ನೆ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಅಂದು ಬೆಳಗಿನ ಪಾಠ ಮುಗಿದು ಉಳಿದವರೆಲ್ಲ ಎದ್ದುಹೋದ ಮೇಲೆ ಅವನು ನೆಲ ಒರೆಸಿ ಕೇಳಿದ:

"ಗುರುಗಳೇ, ಒಬ್ಬನ ಕೆಲಸ ಕೆಟ್ಟರೆ ತಪ್ಪು ಅವನು ಹಿಡಿದ ಸಾಧನದ್ದೋ, ಹಿಡಿದವನದ್ದೋ? ತಿಳಿಯುವುದು ಹೇಗೆ?"

"ಯಾರ ಕೆಲಸ ಕೆಟ್ಟಿದೆ?"

"ಯಾರದ್ದೂ ಇಲ್ಲ. ಸುಮ್ಮನೆ ಕೇಳಿದೆ."

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕ್ಷೌರಿಕನಿದ್ದ. ಅವನ ಅಂಗಡಿ ಪೇಟೆಬೀದಿಯಲ್ಲಿತ್ತು. ಅದೇ ಊರಿನ ಕೆರೆಬೀದಿಯಲ್ಲಿ ಅವನ ಹೆಂಡತಿಯ ತಮ್ಮನ ಅಂಗಡಿ. ಕ್ಷೌರಿಕನಿಗೆ ಅವನು ಭಾಮೈದ, ಅವನಿಗೆ ಕ್ಷೌರಿಕ ಭಾವ. ಇಬ್ಬರಿಗೂ ಐವತ್ತು ದಾಟಿತ್ತು. ಒಬ್ಬನ ಗಿರಾಕಿಯನ್ನು ಇನ್ನೊಬ್ಬ ಯಾವತ್ತೂ ಕರೆದವನಲ್ಲ. ಒಬ್ಬನ ಅಂಗಡಿಯಲ್ಲಿ ಜನ ಹೆಚ್ಚಾದರೆ "ಕೆರೆಬೀದಿಗೆ ಹೋಗಿ, ನನಗಿಂತ ಚೆನ್ನಾಗಿ ಮಾಡ್ತಾನೆ" ಎಂದೋ "ಪೇಟೆಬೀದಿಗೆ ಹೋಗಿ, ನನಗಿಂತ ಹೆಚ್ಚು ಮಾತಾಡ್ತಾನೆ" ಎಂದೋ ಕಳಿಸುತ್ತಿದ್ದರು.

ಆ ಊರಿನಲ್ಲಿ ಮಂಗಳವಾರ ಯಾರೂ ಕ್ಷೌರ ಮಾಡಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಮಂಗಳವಾರ ಈ ಇಬ್ಬರೂ ಒಬ್ಬರಿಗೊಬ್ಬರು ಕ್ಷೌರ ಮಾಡುತ್ತಿದ್ದರು. ಊರು ಬೇಡವೆಂದ ದಿನ ಅವರಿಗೆ ಮೀಸಲಾಗಿತ್ತು. ಭಾಮೈದ ಬೆಳಗ್ಗೆ ಪೇಟೆಬೀದಿಗೆ ಬರುತ್ತಿದ್ದ. ಮೊದಲು ಅವನು ಕೂರುತ್ತಿದ್ದ, ಕ್ಷೌರಿಕ ತಾನೇ ನೊರೆ ಕಲಸಿ ಹಚ್ಚಿ ಗಡ್ಡ ತೆಗೆಯುತ್ತಿದ್ದ. ಆಮೇಲೆ ಅದೇ ಬಟ್ಟಲಿನ ನೊರೆ ಹಚ್ಚಿಸಿಕೊಂಡು ಕ್ಷೌರಿಕ ಕೂರುತ್ತಿದ್ದ. ಅದು ಮುಗಿದ ಮೇಲೆ ಅಕ್ಕನ ಕೈಯ ಊಟ ಮಾಡಿ ಭಾಮೈದ ಮನೆಗೆ ಹೋಗುತ್ತಿದ್ದ.

"ಮಂಗಳವಾರ ಗಡ್ಡ ತೆಗೆಸಿದ್ರೆ ಆಯುಸ್ಸು ಕಡಿಮೆಯಂತೆ ಭಾವ."

"ನಮ್ಮ ಆಯುಸ್ಸೆಲ್ಲ ಊರವರ ಕೂದಲ ಜೊತೆ ಗುಡಿಸಿಕೊಂಡು ಹೋಯ್ತು. ಇನ್ನೇನು ಕಡಿಮೆ ಆಗೋದಿದೆ? ಕೂತ್ಕೋ."

ತನ್ನ ಗಡ್ಡ ತಾನೇ ತೆಗೆದುಕೊಳ್ಳಲು ಬಾರದೆ ಅಲ್ಲ. ಆದರೆ ದಿನವೆಲ್ಲ ಊರವರ ಗಲ್ಲ ಹಿಡಿದವನಿಗೆ, ತನ್ನ ಗಲ್ಲವನ್ನೂ ಯಾರಾದರೂ ಒಮ್ಮೆ ಹಿಡಿಯಲಿ ಎನಿಸುತ್ತದೆ. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು.

ಅವರ ಕಸುಬಿನಲ್ಲಿ ಇನ್ನೊಂದು ನಡಾವಳಿ ಇತ್ತು. ಒಬ್ಬ ಕ್ಷೌರಿಕ ಇನ್ನೊಬ್ಬ ಕ್ಷೌರಿಕನ ಕೈಯನ್ನು ದೂರಬಾರದು. ಕತ್ತಿ ಮೊಂಡು ಎನ್ನಬಹುದು. ನೀರು ಗಡಸು ಎನ್ನಬಹುದು. ಗಡ್ಡವೇ ಜಾಲಿಮುಳ್ಳು ಎನ್ನಬಹುದು. ಕೈ ಸರಿಯಿಲ್ಲ ಎಂದು ಮಾತ್ರ ಅನ್ನಬಾರದು. ಕೈ ಹೋಯಿತು ಎಂದಮೇಲೆ ಅವನ ಹತ್ತಿರ ಉಳಿಯುವುದಕ್ಕೆ ಬೇರೆ ಏನಿದೆ?

ಒಂದು ಚಳಿಗಾಲದಲ್ಲಿ ಭಾಮೈದನ ಬಲಗೈ ನಡುಗತೊಡಗಿತು. ಅವನು ಚಳಿಯಿರಬೇಕು ಎಂದುಕೊಂಡ. ಶಿವರಾತ್ರಿ ಬಂತು, ಚಳಿ ಹೋಯಿತು. ನಡುಕ ಹೋಗಲಿಲ್ಲ. ಸುಮ್ಮನೆ ಇಟ್ಟಾಗ ಕೈ ಸುಮ್ಮನಿರುತ್ತಿತ್ತು. ಏನನ್ನಾದರೂ ಹಿಡಿದರೆ ಸಾಕು, ಬೆರಳುಗಳು ತಾವಾಗಿಯೇ ಆಡುತ್ತಿದ್ದವು. ಅವನು ಎಣ್ಣೆ ಹಚ್ಚಿ ನೋಡಿದ. ಬಿಸಿನೀರಿನಲ್ಲಿ ಅದ್ದಿ ನೋಡಿದ. ಕೊನೆಗೆ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಕತ್ತಿ ಆಡಿಸಲು ಕಲಿತ. ಗಿರಾಕಿಗಳು ಕಣ್ಣು ಮುಚ್ಚಿರುವಾಗ ಹಾಗೆ ಮಾಡುತ್ತಿದ್ದ.

ಹೆಚ್ಚು ದಿನ ಇದು ನಡೆಯದು ಎಂದು ಅವನಿಗೇ ತಿಳಿದಿತ್ತು. ಅವನು ಯೋಚಿಸಿದ. ಗಡ್ಡದ ಕೆಲಸದಲ್ಲಿ ಎರಡು ಪಾಲು. ನೊರೆಯದು ಒಂದು, ಕತ್ತಿಯದು ಒಂದು. ಕತ್ತಿಗೆ ನಿಂತ ಕೈ ಬೇಕು. ನೊರೆಗೆ ಬೇಕಾಗಿಲ್ಲ. ಭಾವನ ಅಂಗಡಿಯಲ್ಲಿ ಬೆಳಗ್ಗೆ ಜನ ಸಾಲಾಗಿ ಕೂತಿರುತ್ತಾರೆ. ನಾನು ನೊರೆ ಹಚ್ಚುತ್ತಾ ಹೋದರೆ ಭಾವ ಕತ್ತಿ ಆಡಿಸುತ್ತಾ ಬರಬಹುದು. ಕಸುಬು ಪೂರ್ತಿ ಬಿಡುವುದು ತಪ್ಪುತ್ತದೆ. ಅಷ್ಟನ್ನು ಕೇಳಬೇಕು.

ಅವನಿಗೆ ಇದ್ದ ದಾರಿ ಅದೊಂದೇ. ಆ ಮಾತನ್ನು ಹೇಳಿಕೊಳ್ಳಬಹುದಾಗಿದ್ದ ಮನುಷ್ಯನೂ ಊರಿಗೆಲ್ಲ ಒಬ್ಬನೇ.

ಮುಂದಿನ ಮಂಗಳವಾರ ಅವನು ಕೇಳಬೇಕೆಂದೇ ಬಂದ. ಮೊದಲು ತಾನು ಕೂತ. ಆಮೇಲೆ ಭಾವನನ್ನು ಕೂರಿಸಿದ. ಕತ್ತಿ ಕಿವಿಯಿಂದ ಇಳಿದು ದವಡೆಯ ಹತ್ತಿರ ಬಂದಾಗ ಕೈ ಅದುರಿತು. ಬಿಳಿ ನೊರೆಯಲ್ಲಿ ಒಂದು ಕೆಂಪು ಗೆರೆ ಮೂಡಿತು.

ಭಾಮೈದ ಪಟಿಕದ ಹರಳು ತಂದು ಗಾಯಕ್ಕೆ ಒತ್ತಿದ. ಇಪ್ಪತ್ತೆಂಟು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು.

"ಭಾವ, ನಿನ್ನ ಹತ್ತಿರ ಒಂದು ಮಾತು..."

"ಮಾತು ಯಾಕೋ? ನನಗೆ ಗೊತ್ತಾಗಲ್ವಾ?" ಎಂದ ಕ್ಷೌರಿಕ. ಅವನು ಕನ್ನಡಿಯಲ್ಲಿ ಗಾಯ ನೋಡಿಕೊಳ್ಳುತ್ತಿದ್ದ. "ನೊರೆ ಸಾಲಲಿಲ್ಲ. ನೊರೆ ತೆಳ್ಳಗಾದ್ರೆ ಕತ್ತಿ ಚರ್ಮ ಹಿಡಿಯುತ್ತೆ. ಈ ಬ್ರಷ್ಷು ನೋಡು, ಸುಣ್ಣ ಬಳಿಯೋ ಕುಂಚದ ಹಾಗೆ ಆಗಿದೆ. ಇದರಲ್ಲಿ ಯಾರ ಕೈಯಲ್ಲಾದ್ರೂ ಹೀಗೇ ಆಗೋದು."

ಇದು ಮರ್ಯಾದೆಯ ಮಾತು. ಭಾಮೈದ ನೊಂದುಕೊಳ್ಳಬಾರದು ಎಂದು ಆಡಿದ ಮಾತು. ಆದರೆ ಸಂಜೆಯ ಹೊತ್ತಿಗೆ ಕ್ಷೌರಿಕ ಆ ಬ್ರಷ್ಷನ್ನು ಮತ್ತೆ ಕೈಗೆತ್ತಿಕೊಂಡ. ಅದರ ಕೂದಲು ನಿಜವಾಗಿಯೂ ಅಡ್ಡಾದಿಡ್ಡಿಯಾಗಿತ್ತು. ಬುಡ ಸಡಿಲವಾಗಿತ್ತು. ಗಾಯ ಉರಿಯುತ್ತಲೂ ಇತ್ತು. ಭಾಮೈದನ ಮನಸ್ಸು ಕಾಯಲು ಹೇಳಿದ್ದನ್ನು ಅವನು ತಾನೇ ನಂಬಿಬಿಟ್ಟ.

ಸಂತೆಯ ದಿನ ಅವನು ಕನ್ನಡಿ, ಬಾಚಣಿಗೆ ಮಾರುವ ವ್ಯಾಪಾರಿಯ ಮುಂದೆ ಕೂತ. ಇಷ್ಟು ವರ್ಷ ಬ್ರಷ್ಷೆಂದರೆ ಬ್ರಷ್ಷು ಎಂದುಕೊಂಡಿದ್ದವನಿಗೆ, ಅದರಲ್ಲಿಯೂ ಆಕಾರಗಳಿವೆ ಎಂದು ಅಂದು ತಿಳಿಯಿತು. ಒಂದು ತಾವರೆ ಮೊಗ್ಗಿನಂತೆ ತುದಿ ಗುಂಡಗೆ ಕೂಡಿಕೊಂಡಿತ್ತು. ಇನ್ನೊಂದು ಬೀಸಣಿಗೆಯಂತೆ ತುದಿಯಲ್ಲಿ ಹರಡಿಕೊಂಡಿತ್ತು. ಮತ್ತೊಂದರ ತಲೆ ಕತ್ತರಿಸಿಟ್ಟ ಹಾಗೆ ಚಪ್ಪಟೆ.

"ಮೊಗ್ಗನ್ನು ಗಲ್ಲದ ಮೇಲೆ ಸುತ್ತಿಸಬೇಕು," ಎಂದ ವ್ಯಾಪಾರಿ. "ಕೂದಲಿನ ಬುಡಕ್ಕೇ ಸಾಬೂನು ಇಳಿಯುತ್ತೆ. ಬೀಸಣಿಗೆ ಬಟ್ಟಲಿಂದ ನೊರೆ ಜಾಸ್ತಿ ಎತ್ತುತ್ತೆ, ಒಂದೇ ಎಳೆತಕ್ಕೆ ಕೆನ್ನೆ ಮುಚ್ಚುತ್ತೆ. ಅವರವರ ಭಾವಕ್ಕೆ."

ಕ್ಷೌರಿಕ ಮೊಗ್ಗನ್ನು ಕೊಂಡು ತಂದ.

ಮಂಗಳವಾರ ಭಾಮೈದ ಬಂದು ಕೂತ. ಹೋದ ವಾರ ಬಾಯಿಗೆ ಬಂದು ನಿಂತ ಮಾತನ್ನು ಈ ವಾರ ಮೊದಲೇ ಆಡಿಬಿಡಬೇಕು ಎಂದುಕೊಂಡು ಬಂದಿದ್ದ. ಆದರೆ ಕ್ಷೌರಿಕನಿಗೆ ಹೊಸ ಬ್ರಷ್ಷಿನ ಆತುರ. ಕೂತವನ ಹೆಗಲ ಮೇಲೆ ಬಟ್ಟೆ ಹೊದಿಸುವ ಮುಂಚೆಯೇ ಗಲ್ಲಕ್ಕೆ ನೀರು ಹಚ್ಚಿ ಮೊಗ್ಗನ್ನು ಸುತ್ತಿಸತೊಡಗಿದ. ಕೆನ್ನೆಯಾಯಿತು, ಗಲ್ಲವಾಯಿತು, ಮೀಸೆಯ ಅಂಚಾಯಿತು. ನೊರೆ ಹಚ್ಚಿಸಿಕೊಂಡ ಮನುಷ್ಯ ಬಾಯಿ ತೆರೆಯುವ ಹಾಗಿಲ್ಲ.

"ಹೇಗಿದೆ?"

"ಹೂಂ."

"ಬೇರಿಗೇ ಇಳಿದ ಹಾಗಿಲ್ವಾ?"

"ಹೂಂ."

"ಹೂಂ ಹೂಂ ಅಂತ ಕಥೆ ಕೇಳ್ತಿದೀಯೇನೋ? ಬಾಯಿ ಬಿಟ್ಟು ಹೇಳು."

ಭಾಮೈದ ಬಾಯಿ ಬಿಟ್ಟ. ನೊರೆ ಒಳಗೆ ಹೋಯಿತು. ಉಗಿದು, ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡ. ಕ್ಷೌರಿಕ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾನು ಆಕಾರ ಕೇಳಿದ್ದು ಕಣೋ, ರುಚಿ ಅಲ್ಲ!"

ಭಾಮೈದನೂ ನಕ್ಕ. ನಕ್ಕ ಮೇಲೆ, ಹೇಳಬೇಕೆಂದಿದ್ದ ಮಾತಿಗೆ ಜಾಗ ಸಿಗಲಿಲ್ಲ. ಅವನು ಕತ್ತಿ ಹಿಡಿಯುವ ಸರದಿ ಬಂದಾಗ ಅದು ಭಾವನ ಕಿವಿಯ ಕೆಳಗೆ ತಾಗಿತು.

"ಮೊಗ್ಗು ಆಗಲ್ಲ ಬಿಡು," ಎಂದ ಕ್ಷೌರಿಕ, ಪಟಿಕ ಒತ್ತಿಕೊಳ್ಳುತ್ತಾ. "ಕೆನ್ನೆಗೆ ಸರಿ. ಕಿವಿ ಮೂಲೆಗೆ ನೊರೆ ಕೂರಲ್ಲ. ಬೀಸಣಿಗೆಯೇ ಬೇಕು."

ಬೀಸಣಿಗೆ ಬಂತು. ಅದು ಕಿವಿ ಮೂಲೆಯನ್ನೂ ಮುಚ್ಚಿತು, ಕಿವಿಯನ್ನೂ ಮುಚ್ಚಿತು. ನೊರೆ ಹೆಚ್ಚಾಯಿತು, ನಿಲ್ಲಲಿಲ್ಲ. ಗಾಳಿಗೆ ಬೇಗ ಒಣಗಿತು. ಆ ವಾರ ಗಂಟಲಿನ ಹತ್ತಿರ ಗೀರಿತು. ಆಮೇಲೆ ಚಪ್ಪಟೆ ತಲೆಯದು ಬಂತು. ಅದರ ನಂತರ ಮೊಗ್ಗಿನದೇ ಇನ್ನೊಂದು, ಕೂದಲು ಗಿಡ್ಡಗಿರುವುದು. ಕ್ಷೌರಿಕನ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಬ್ರಷ್ಷುಗಳು ಸಾಲಾಗಿ ನಿಂತವು. ಗಿರಾಕಿಗಳು ಬಂದರೆ ಅವನು ಮೊದಲು ಬ್ರಷ್ಷಿನ ವಿಚಾರ ಎತ್ತುತ್ತಿದ್ದ. ಯಾರ ಗಲ್ಲ ಚೂಪು, ಯಾರ ಕೆನ್ನೆ ಒಳಗೆ ಹೋಗಿದೆ, ಯಾವುದಕ್ಕೆ ಯಾವ ಆಕಾರ ಒಪ್ಪುತ್ತದೆ ಎಂದು ಅವನಿಗೆ ಬಾಯಿಪಾಠವಾಯಿತು. ಅಷ್ಟು ಗಮನವಿಟ್ಟು ನೋಡಿದವನು ಭಾಮೈದ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿಯುವುದನ್ನು ನೋಡಲಿಲ್ಲ. ಆ ಹೊತ್ತಿಗೆ ಅವನ ಕಣ್ಣು ಮುಚ್ಚಿರುತ್ತಿತ್ತು. ನಂಬಿದವರ ಕೈಗೆ ಗಲ್ಲ ಕೊಟ್ಟವರು ಕಣ್ಣು ಮುಚ್ಚಿಯೇ ಕೂರುತ್ತಾರೆ.

ಕೆರೆಬೀದಿಯ ಅಂಗಡಿಗೆ ಜನ ಕಡಿಮೆಯಾದರು. ಭಾಮೈದ ಯಾರಿಗೂ ಹೇಳಲಿಲ್ಲ. ಬಿಟ್ಟುಹೋದವರೂ ಹೇಳಲಿಲ್ಲ. ಅವನ ಹಳೆಯ ಗಿರಾಕಿಗಳು ನಾಚಿಕೆಯಿಂದ ಪೇಟೆಬೀದಿಗೂ ಬಾರದೆ ಪಕ್ಕದೂರಿಗೆ ಹೋಗಿ ಗಡ್ಡ ತೆಗೆಸಿದರು.

ಒಂದು ಮಂಗಳವಾರ ಭಾಮೈದ ಕೂರಲಿಲ್ಲ. ಬಾಗಿಲಲ್ಲೇ ನಿಂತು, ಒಳಗೆ ಬರುವ ಮುಂಚೆ ಹೇಳಿಬಿಟ್ಟ.

"ಭಾವ, ನೊರೆ ಕೆಲಸ ನನಗೆ ಬಿಟ್ಟುಬಿಡು. ಕತ್ತಿ ನೀನು ಇಟ್ಕೋ. ನಿನ್ನ ಅಂಗಡಿಯಲ್ಲಿ ನನಗೊಂದು ಮೂಲೆ ಕೊಡು, ಸಾಕು."

ಭಾವ-ಭಾಮೈದರ ನಡುವೆ ಗೇಲಿ ಯಾವುದು, ನಿಜ ಯಾವುದು ಎಂದು ಬೇರೆ ಮಾಡುವುದು ಕಷ್ಟ. ಇಪ್ಪತ್ತೆಂಟು ವರ್ಷ ಅವರು ಒಬ್ಬರಿಗೊಬ್ಬರು ನೆಟ್ಟಗೆ ಒಂದು ಮಾತು ಆಡಿದವರಲ್ಲ. ಹುಷಾರಿಲ್ಲವೆಂದರೂ ಗೇಲಿ, ಹಸಿವಾಯಿತೆಂದರೂ ಗೇಲಿ. ಭಾಮೈದ ತನ್ನ ಬ್ರಷ್ಷಿನ ಹುಚ್ಚನ್ನು ಆಡಿಕೊಳ್ಳುತ್ತಿದ್ದಾನೆ ಎಂದು ಕ್ಷೌರಿಕ ತಿಳಿದ. ಮರುಗೇಲಿ ಅವನ ನಾಲಿಗೆಯ ತುದಿಯಲ್ಲೇ ಇತ್ತು.

"ತಡಿಯೋ, ಮೊದಲು ಆಕಾರ ತೀರ್ಮಾನ ಆಗಲಿ. ಆಮೇಲೆ ನಿನ್ನನ್ನೇ ನೊರೆ ಇಲಾಖೆಗೆ ದಿವಾನ್ ಮಾಡ್ತೀನಿ. ಪೇಟ ಒಂದು ತಂದ್ಕೋ."

ಭಾಮೈದ ನಗಲಿಲ್ಲ. ಕ್ಷೌರಿಕ ಆಗಲೇ ಬಟ್ಟಲಿಗೆ ನೀರು ಹಾಕುತ್ತಿದ್ದ.

ಆ ದಿನ ಊಟವಾದ ಮೇಲೆ ಹೆಂಡತಿ ಅವನಿಗೆ ಹೇಳಿದಳು:

"ನನ್ನ ತಮ್ಮ ಮಜ್ಜಿಗೆ ಬೇಡ ಅಂತಾನೆ. ಸಾರೂ ಬೇಡ ಅಂತಾನೆ. ಬರೀ ಮುದ್ದೆ ನುಂಗಿ ಏಳ್ತಾನೆ. ಅವನಿಗೇನಾಗಿದೆ, ಒಂದು ಸಲ ಕೇಳಿ."

"ನೆಗಡಿ ಇರಬೇಕು," ಎಂದ ಕ್ಷೌರಿಕ. ಲೋಟ ಎತ್ತಿದರೆ ಚೆಲ್ಲುತ್ತದೆ ಎಂದು ಭಾಮೈದ ಹೆದರುತ್ತಿದ್ದುದು ಅವನಿಗೆ ಹೊಳೆಯಲಿಲ್ಲ.

ಮುಂದಿನ ಸಂತೆಗೆ ವ್ಯಾಪಾರಿ ಹೊಸದೊಂದು ತಂದಿದ್ದ. ಅದು ಮೊಗ್ಗೂ ಅಲ್ಲ, ಬೀಸಣಿಗೆಯೂ ಅಲ್ಲ. ಬುಡದಲ್ಲಿ ಮೊಗ್ಗಿನಂತೆ ಒತ್ತಾಗಿ, ತುದಿಯಲ್ಲಿ ಅರೆಬಿರಿದಂತೆ ಇತ್ತು. ಹಿಡಿ ದಪ್ಪ ಮರದ್ದು. ಅದನ್ನು ಕೊಂಡು ತಂದು ಕ್ಷೌರಿಕ ಮಂಗಳವಾರಕ್ಕೆ ಕಾದ.

ಭಾಮೈದ ಬಂದ. ಹಲಗೆಯ ಮೇಲಿನ ಹೊಸ ಬ್ರಷ್ಷನ್ನು ನೋಡಿದ. ತಾನೇ ಕೈಗೆ ತೆಗೆದುಕೊಂಡ.

"ಇದರ ಹಿಡಿ ಚೆನ್ನಾಗಿದೆ, ಕೈ ತುಂಬುತ್ತೆ," ಎಂದ. "ಇವತ್ತು ನೀನು ಮೊದಲು ಕೂತ್ಕೋ ಭಾವ. ನೊರೆ ನಾನು ಕಲಸ್ತೀನಿ."

ಅವನು ಬಟ್ಟಲನ್ನು ತೊಡೆಗಳ ನಡುವೆ ಇಟ್ಟುಕೊಂಡು ನೆಲದ ಮೇಲೆ ಕೂತ. ಎಡಗೈಯಿಂದ ಮಣಿಕಟ್ಟು ಹಿಡಿಯಲಿಲ್ಲ. ಕೈಯನ್ನು ಅದರ ಪಾಡಿಗೆ ಬಿಟ್ಟ. ಬ್ರಷ್ಷು ಬಟ್ಟಲಿನಲ್ಲಿ ದುಂಬಿಯಂತೆ ಆಡಿತು. ಸಾಬೂನು ಮೊದಲು ನೀರಾಯಿತು, ಆಮೇಲೆ ಹಾಲಾಯಿತು, ಆಮೇಲೆ ಕೆನೆಯಾಯಿತು. ಅವನು ನಿಲ್ಲಿಸಲಿಲ್ಲ. ಕೊನೆಗೆ ಬಟ್ಟಲನ್ನು ಬೋರಲು ಹಾಕಿ ತೋರಿಸಿದ. ನೊರೆ ಬೀಳಲಿಲ್ಲ.

ಅದನ್ನು ಕೆನ್ನೆಗೆ ಹಚ್ಚಿದಾಗ ಕ್ಷೌರಿಕ ಕಣ್ಣು ತೆರೆದ. ಇಂಥ ನೊರೆಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಗುಳ್ಳೆಯೇ ಇಲ್ಲ. ಬೆಣ್ಣೆ ಮೆತ್ತಿದ ಹಾಗೆ ತಣ್ಣಗೆ ಕೂತಿತ್ತು. ಅವನು ಕುರ್ಚಿಯಿಂದ ಎದ್ದೇ ಬಿಟ್ಟ.

"ಸಿಕ್ತು ಕಣೋ! ಇದೇ ಆಕಾರ! ನಾನು ಹೇಳಲಿಲ್ವಾ, ಎಲ್ಲೋ ಇರಲೇಬೇಕು ಅಂತ! ಕೊಡು ಇಲ್ಲಿ, ನೋಡೋಣ."

ಭಾಮೈದ ಬ್ರಷ್ಷನ್ನು ಮುಂದೆ ಚಾಚಿದ. ಬೇಕೆಂದೇ ನಿಧಾನವಾಗಿ ಚಾಚಿದ. ಅದರ ತುದಿಯ ನೊರೆ ಗಾಳಿಯಲ್ಲಿ ಕಂಪಿಸುತ್ತಿತ್ತು. ಬಾಯಿಯಿಂದ ಆಗದ್ದನ್ನು ಅವನು ಆ ದಿನ ಕೈಯಿಂದ ಹೇಳಲು ನೋಡಿದ.

ಕ್ಷೌರಿಕ ಆ ಕೈಯಿಂದ ಬ್ರಷ್ಷು ತೆಗೆದುಕೊಂಡು ಬೆಳಕಿಗೆ ಹಿಡಿದ. ತಿರುಗಿಸಿ ತಿರುಗಿಸಿ ನೋಡಿದ. ಭಾಮೈದನ ಕೈ ಇನ್ನೂ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿತ್ತು.

"ಕತ್ತಿ ನೀನೇ ಹಿಡ್ಕೋ ಭಾವ," ಎಂದ ಭಾಮೈದ. "ಇಂಥ ನೊರೆ ಇರುವಾಗ ನಿನ್ನ ಗಡ್ಡ ನೀನೇ ತೆಗೆದು ನೋಡು."

ಕ್ಷೌರಿಕ ಕನ್ನಡಿಯ ಮುಂದೆ ನಿಂತು ಮಕ್ಕಳ ಹಾಗೆ ಖುಷಿಯಿಂದ ತನ್ನ ಗಡ್ಡ ತಾನೇ ತೆಗೆದುಕೊಂಡ. ಒಂದು ಗೀರೂ ಆಗಲಿಲ್ಲ. ತಿರುಗಿ ನೋಡಿದಾಗ ಭಾಮೈದ ಹೋಗಿದ್ದ. ಅವತ್ತು ಅವನು ಅಕ್ಕನ ಮನೆಯಲ್ಲಿ ಊಟ ಮಾಡಲಿಲ್ಲ.

ಮುಂದಿನ ಮಂಗಳವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಕೆರೆಬೀದಿಯ ಅಂಗಡಿಗೆ ಬೀಗ ಬಿದ್ದಿತ್ತು. ಮಗಳ ಊರಿಗೆ ಹೋದನೆಂದು ಪಕ್ಕದವರು ಹೇಳಿದರು. ಮೊಮ್ಮಗುವನ್ನು ನೋಡಲು ಹೋಗಿರಬೇಕು, ಬರುತ್ತಾನೆ ಎಂದುಕೊಂಡ ಕ್ಷೌರಿಕ. ಹೆಂಡತಿ ಹಾಗೆ ಅಂದುಕೊಳ್ಳಲಿಲ್ಲ. ಅವಳು ಮಂಗಳವಾರ ಒಂದು ಮುದ್ದೆ ಹೆಚ್ಚಾಗಿಯೇ ಮಾಡುತ್ತಿದ್ದಳು.

ಕ್ಷೌರಿಕನಿಗೆ ಬೇರೆ ಚಿಂತೆ ಹತ್ತಿತ್ತು. ಬ್ರಷ್ಷು ಅದೇ, ಬಟ್ಟಲು ಅದೇ, ಸಾಬೂನೂ ಅದೇ. ನೊರೆ ಮಾತ್ರ ಆ ನೊರೆಯಲ್ಲ. ಅವನು ನೀರು ಕಡಿಮೆ ಮಾಡಿದ. ನೀರು ಬಿಸಿ ಮಾಡಿದ. ಸಾಬೂನನ್ನು ತುರಿದು ಹಾಕಿದ. ಬಟ್ಟಲನ್ನು ತೊಡೆಗಳ ನಡುವೆ ಇಟ್ಟುಕೊಂಡು ನೆಲದ ಮೇಲೆ ಕೂತೂ ನೋಡಿದ. ಕೈ ಸೋಲುವವರೆಗೆ ಕಲಸಿದ. ಬೋರಲು ಹಾಕಿದರೆ ನೊರೆ ಅವನ ಪಾದದ ಮೇಲೆ ಬಿತ್ತು.

ಹೀಗೆ ಎರಡು ತಿಂಗಳಾಯಿತು. ಒಂದು ದಿನ ಒಬ್ಬ ಬಳೆಗಾರ ಬಂದು ಕುರ್ಚಿಯಲ್ಲಿ ಕೂತ. ಅವನ ಗಲ್ಲದ ಮೇಲೆ ಹಳೆಯ ಗೀರಿನ ಕಲೆಯಿತ್ತು. ಕ್ಷೌರಿಕ ಎಂದಿನಂತೆ ಬ್ರಷ್ಷಿನ ವಿಚಾರ ಎತ್ತಿದ. ಒಂದು ಸಲ, ಒಂದೇ ಸಲ, ಈ ಬ್ರಷ್ಷು ಎಂಥ ನೊರೆ ಕೊಟ್ಟಿತ್ತು ಎಂದು ವರ್ಣಿಸಿದ.

"ನೊರೆ ಅಂದ್ರೆ ನಿಮ್ಮ ಭಾಮೈದಂದು ನೊರೆ," ಎಂದ ಬಳೆಗಾರ. "ಹರಿದ ಬ್ರಷ್ಷಲ್ಲೂ ಬೆಣ್ಣೆ ತೆಗೀತಿದ್ದ. ಆ ಕೈ ನಡುಗುತ್ತಲ್ಲ, ಕಡೆಗೋಲು ಆಡಿದ ಹಾಗೆ. ಆಮೇಲೆ ಅದೇ ಕೈಯಲ್ಲಿ ಕತ್ತಿ ಎತ್ತೋನು, ನಮಗೆ ಜೀವ ಬಾಯಿಗೆ ಬರೋದು. ಏನು ಮಾಡೋದು ಸ್ವಾಮಿ, ಹೆಂಡತಿ ಮಕ್ಕಳಿರೋರು. ಒಬ್ಬೊಬ್ಬರೇ ಬಿಟ್ವಿ."

ಕ್ಷೌರಿಕನ ಕೈ ಬಟ್ಟಲಿನಲ್ಲಿ ನಿಂತಿತು.

"ಯಾವಾಗಿಂದ?"

"ಚಳಿಗಾಲದಿಂದ." ಬಳೆಗಾರ ಕುರ್ಚಿಯಲ್ಲಿ ತಿರುಗಿ ಅವನನ್ನು ನೋಡಿದ. "ಯಾಕೆ, ನಿಮಗೆ ಗೊತ್ತಿರಲಿಲ್ವೇ? ವಾರ ವಾರ ನಿಮ್ಮ ಗಡ್ಡ ತೆಗೀತಿದ್ದೋನು ಅವನೇ ಅಲ್ವೇ?"

ಕ್ಷೌರಿಕ ಬಳೆಗಾರನ ಗಡ್ಡ ತೆಗೆದು ಕಳಿಸಿದ. ಆಮೇಲೆ ಅಂಗಡಿಯ ಬಾಗಿಲು ಹಾಕಿ ಒಳಗೆ ಒಬ್ಬನೇ ಕೂತ. ದವಡೆಯ ಗೀರು, ಕಿವಿಯ ಕೆಳಗಿನ ಗೀರು, ಗಂಟಲಿನ ಹತ್ತಿರದ ಗೀರು. ಒಂದೊಂದನ್ನೂ ಬೆರಳಿಂದ ಮುಟ್ಟಿ ನೋಡಿಕೊಂಡ. ಭಾಮೈದ ವಾರ ವಾರವೂ ಬಂದು ಹೇಳಲು ನೋಡಿದ್ದ. ಒಂದು ವಾರ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟೇ ಹೇಳಿದ್ದ. ತಾನು ಅದಕ್ಕೆ ಪೇಟ ತಂದುಕೋ ಎಂದಿದ್ದ.

ಮರುದಿನ ಅವನು ಹೊತ್ತು ಮೂಡುವ ಮುಂಚೆ ಹೊರಟು ಮಧ್ಯಾಹ್ನಕ್ಕೆ ಭಾಮೈದನ ಮಗಳ ಊರು ಮುಟ್ಟಿದ.

ಮಗಳ ಮನೆಯ ಅಂಗಳದಲ್ಲಿ ಚಾಪೆಯ ಮೇಲೆ ಸಂಡಿಗೆ ಒಣಗಲು ಇಟ್ಟಿದ್ದರು. ಭಾಮೈದ ಜಗಲಿಯಲ್ಲಿ ಕೂತು ಕಾಗೆ ಕಾಯುತ್ತಿದ್ದ. ಎರಡು ತಿಂಗಳ ಗಡ್ಡ ಬೆಳ್ಳಗೆ ಗಲ್ಲವನ್ನು ಮುಚ್ಚಿತ್ತು. ಕೈಯಲ್ಲಿ ಒಂದು ಕೋಲು. ಕೋಲಿನ ತುದಿ ಒಂದೇ ಸಮನೆ ಆಡುತ್ತಿತ್ತು.

ಇಪ್ಪತ್ತೆಂಟು ವರ್ಷ ತನ್ನ ಗಲ್ಲ ಹಿಡಿದ ಕೈಯನ್ನು ಕ್ಷೌರಿಕ ಅಂದು ನೋಡಿದ.

"ಬಾ ಭಾವ," ಎಂದ ಭಾಮೈದ. "ಹೊಸ ಉದ್ಯೋಗ ನೋಡು. ಇದಕ್ಕೆ ನಡುಗೋ ಕೈಯೇ ಚೆನ್ನ. ಕೋಲು ತಾನೇ ಆಡುತ್ತೆ, ಕಾಗೆ ಹತ್ತಿರ ಬರಲ್ಲ."

ಕ್ಷೌರಿಕನಿಗೆ ಮರುಗೇಲಿ ಬರಲಿಲ್ಲ. ಅವನು ಜಗಲಿಯ ಅಂಚಿನಲ್ಲಿ ಕೂತ.

"ನಾನು ನಿನ್ನ ಕೈ ನೋಡಲಿಲ್ಲ ಕಣೋ."

"ನೀನು ಮರ್ಯಾದಸ್ಥ. ಇನ್ನೊಬ್ಬನ ಕೈ ದೂರಲಿಲ್ಲ."

ಅದು ಗೇಲಿಯೋ ನಿಜವೋ, ಕ್ಷೌರಿಕನಿಗೆ ಈಗಲೂ ತಿಳಿಯಲಿಲ್ಲ. ಒಳಗಿಂದ ಮಗಳು ನೀರು ತಂದಿಟ್ಟು ಹೋದಳು. ಭಾಮೈದನ ಮುಂದೆ ಇಟ್ಟ ಲೋಟದಲ್ಲಿ ಅರ್ಧವೇ ನೀರಿತ್ತು. ಆ ಮನೆಯಲ್ಲಿ ಎಷ್ಟು ತುಂಬಬೇಕು ಎಂದು ತಿಳಿದಿದ್ದರು.

ಕ್ಷೌರಿಕ ತನ್ನ ಚೀಲದಿಂದ ಬಟ್ಟಲನ್ನೂ ಬ್ರಷ್ಷನ್ನೂ ತೆಗೆದು ಅವನ ಮುಂದೆ ಇಟ್ಟ.

"ಊರಿಗೆ ಬಾ. ನೊರೆ ನಿನ್ನದು, ಕತ್ತಿ ನನ್ನದು. ನೀನು ಯಾವ ಆಕಾರದ್ದು ಹಿಡಿದ್ರೂ ಸರಿ. ನನ್ನ ಜೊತೆ ಬಂದುಬಿಡು."

ಭಾಮೈದ ಬ್ರಷ್ಷನ್ನು ಮುಟ್ಟಲಿಲ್ಲ. ಒಂದು ಕಾಗೆ ಚಾಪೆಯ ಅಂಚಿಗೆ ಇಳಿದು ಸಂಡಿಗೆ ಕಚ್ಚಿಕೊಂಡಿತು. ಅವನು ಕೋಲು ಎತ್ತಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕತೆ ಮುಂದೆ ಹೋಗುತ್ತದೆ ಎಂದು ಶಿಷ್ಯ ಕಾದ. ಅದು ಹೋಗಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಗುರುಗಳೇ, ಭಾಮೈದ ಏನೆಂದ? ಬಂದನೇ? ಅಷ್ಟು ದೂರ ಹೋಗಿ ಕೇಳಿದವನಿಗೆ ಒಂದು ಉತ್ತರವನ್ನಾದರೂ ಕೊಡಬೇಕಲ್ಲವೇ?"

ಗುರುಗಳು ಹೇಳಿದರು: "ಅವರಿಬ್ಬರಲ್ಲಿ ಮೊದಲು ಕೇಳಿದವನು ಯಾರು, ಅದನ್ನು ನನಗೆ ಹೇಳು."